ಡಾಕ್ಟರ್ ಮಂತ್ರಿಯ ಎರಡು ಹನಿ, ನಮ್ಮ ಹೆಗಲಿನ ಐಸ್ ಡಬ್ಬಿ

ದೆಹಲಿಯ ಕೃಷ್ಣಾನಗರದಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಾಗಿದ್ದ ಹರ್ಷವರ್ಧನ್ 1993ರಲ್ಲಿ ಶಾಸಕರಾದರು. ದೆಹಲಿಗೆ ವಿಧಾನಸಭೆ ಮತ್ತೆ ಬಂದದ್ದೇ ಆ ವರ್ಷ. ಮದನ್ ಲಾಲ್ ಖುರಾನಾ ಮುಖ್ಯಮಂತ್ರಿ, ಇವರು ಆರೋಗ್ಯ ಮಂತ್ರಿ. ಮಂತ್ರಿಯಾದಾಗ ನಲವತ್ತೂ ತುಂಬಿರಲಿಲ್ಲ. ನಾವು ಆಗ ಪಕ್ಕದ ಲಕ್ಷ್ಮೀನಗರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ನಮ್ಮವರಿಗೆ ಕೇಂದ್ರ ಸರ್ಕಾರದ ಕೆಲಸ, ನನಗೆ ಹತ್ತಿರದ ಒಂದು ಸಣ್ಣ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ. ನಾನು ಅವರ ಬಿಜೆಪಿ ಪಕ್ಷದವಳೂ ಅಲ್ಲ, ವಿರೋಧದವಳೂ ಅಲ್ಲ. ಅವರನ್ನು ಹತ್ತಿರದಿಂದ ನೋಡಿದವಳೂ ಅಲ್ಲ. ಆದರೆ ಅವರು ಶುರು ಮಾಡಿದ ಒಂದು ಕೆಲಸಕ್ಕೆ ಹೆಗಲು ಕೊಟ್ಟು ಪೂರ್ವ ದೆಹಲಿಯ ಗಲ್ಲಿ ಗಲ್ಲಿ ತಿರುಗಿದ್ದೇನೆ. ಡಾಕ್ಟರೊಬ್ಬರು ರಾಜಕೀಯಕ್ಕೆ ಬಂದರೆ ಏನಾಗುತ್ತದೆ, ಏನಾಗುವುದಿಲ್ಲ ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

1994ರ ಸೆಪ್ಟೆಂಬರ್ ನೆನಪಿರುವವರಿಗೆ ಪ್ಲೇಗ್ ನೆನಪಿರುತ್ತದೆ. ಸೂರತ್‌ನಿಂದ ಜನ ಗುಂಪುಗುಂಪಾಗಿ ಊರು ಬಿಟ್ಟಿದ್ದರು. ದೆಹಲಿಯಲ್ಲೂ ಎಲ್ಲರೂ ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ಅದರ ಮಧ್ಯೆಯೇ ನಮ್ಮ ಶಾಲೆಗೆ ಸುದ್ದಿ ಬಂತು. ಅಕ್ಟೋಬರ್ 2, ಭಾನುವಾರ, ಗಾಂಧಿ ಜಯಂತಿ. ಅವತ್ತು ದೆಹಲಿಯ ಮೂರು ವರ್ಷದೊಳಗಿನ ಪ್ರತಿ ಮಗುವಿಗೂ ಪೋಲಿಯೊ ಹನಿ ಹಾಕಬೇಕು, ಟೀಚರುಗಳು ಬೂತಿಗೆ ಬನ್ನಿ. ಇಂಥ ಹೊತ್ತಲ್ಲಿ ತಾಯಂದಿರು ಮಕ್ಕಳನ್ನು ಹೊರಗೆ ಕರೆತರುತ್ತಾರಾ ಅಂತ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಅನುಮಾನ.

ತರಬೇತಿ ಅಂದರೆ ಒಂದು ಮಧ್ಯಾಹ್ನದ ಪಾಠ ಅಷ್ಟೇ. ಆದರೆ ಹೇಳಿಕೊಟ್ಟ ಡಾಕ್ಟರಮ್ಮ ಯಾಕೆ ಅನ್ನುವುದನ್ನು ಚೆನ್ನಾಗಿ ಬಿಡಿಸಿ ಹೇಳಿದರು. ಪೋಲಿಯೊ ವೈರಸ್ ಇರುವುದು ಮಕ್ಕಳ ಕರುಳಿನಲ್ಲಿ. ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ಇನ್ನೊಂದು ಮಗುವಿನ ಬಾಯಿಗೆ ದಾಟುತ್ತದೆ. ಸೋಂಕು ತಗುಲಿದ ಮಕ್ಕಳಲ್ಲಿ ಕೈಕಾಲು ಸ್ವಾಧೀನ ಕಳೆದುಕೊಳ್ಳುವವರು ಇನ್ನೂರಕ್ಕೆ ಒಬ್ಬರು. ಉಳಿದವರಲ್ಲಿ ಮೇಲೆ ಏನೂ ಕಾಣದಿದ್ದರೂ ಅವರು ಹಂಚುತ್ತಾ ಇರುತ್ತಾರೆ. ಬಾಯಿಗೆ ಹಾಕುವ ಹನಿಯಲ್ಲಿರುವುದು ಬಲ ಕಳೆದುಕೊಂಡ ಜೀವಂತ ವೈರಸ್. ಅದು ಕರುಳಿನಲ್ಲಿ ಜಾಗ ಹಿಡಿದರೆ ರೋಗ ತರುವ ಕಾಡು ವೈರಸ್‌ಗೆ ಜಾಗ ಸಿಗುವುದಿಲ್ಲ. ಹಾಗಾಗಿ ಒಂದೊಂದು ಮಗುವಿಗೆ ಒಂದೊಂದು ದಿನ ಹಾಕಿದರೆ ಆ ಮಗುವಿಗೆ ಒಳ್ಳೆಯದು, ಊರಿಗೆ ಸಾಲದು. ಒಂದು ಮನೆಯ ತಿಗಣೆ ಓಡಿಸಿದರೆ ಪಕ್ಕದ ಮನೆಯಿಂದ ಮತ್ತೆ ಬರುವುದಿಲ್ವಾ, ಹಾಗೆ. ಎಲ್ಲ ಮಕ್ಕಳಿಗೂ ಒಟ್ಟಿಗೆ ಹಾಕಬೇಕು. ಮೊದಲು ಎಷ್ಟು ಸಲ ಹಾಕಿಸಿಕೊಂಡಿದ್ದರೂ ಸರಿ, ಮತ್ತೆ ಹಾಕಬೇಕು.

ಈ ಉಪಾಯ ಹರ್ಷವರ್ಧನ್ ಅವರ ತಲೆಯಲ್ಲಿ ಹುಟ್ಟಿದ್ದಲ್ಲ. ಕ್ಯೂಬಾ 1962ರಲ್ಲೇ ಮಾಡಿತ್ತು, ಬ್ರೆಜಿಲ್ 1980ರಲ್ಲಿ ಮಾಡಿತ್ತು. ನಮ್ಮಲ್ಲೇ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ (ಸಿಎಂಸಿ) ಡಾ. ಟಿ. ಜೇಕಬ್ ಜಾನ್ ಮತ್ತು ಅವರ ಜೊತೆಯವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದರು. ಪೋಲಿಯೊ ನಿರ್ಮೂಲನೆ ಮಾಡಬೇಕು ಅಂತ ಜಗತ್ತಿನ ದೇಶಗಳೆಲ್ಲ 1988ರಲ್ಲಿ ತೀರ್ಮಾನ ಮಾಡಿದ್ದವು. ಗೊತ್ತಿದ್ದ ವಿಷಯವನ್ನು ಒಂದು ಸರ್ಕಾರದ ಕೈಯಲ್ಲಿ ಮಾಡಿಸಿದ್ದು ಇವರ ಹೆಚ್ಚುಗಾರಿಕೆ. ನನ್ನ ಕಣ್ಣಿಗೆ ಅದು ಸಣ್ಣದಲ್ಲ. ಮಂತ್ರಿಯ ಕುರ್ಚಿಯಲ್ಲಿ ಕೂತವರಿಗೆ ಇಲಾಖೆ, ಶಾಲೆ, ದುಡ್ಡು, ಮೈಕು ಎಲ್ಲವೂ ಸಿಗುತ್ತದೆ. ಕ್ಲಿನಿಕ್‌ನಲ್ಲಿ ಕೂತರೆ ಬಾಗಿಲಿಗೆ ಬಂದ ಮಗು ಮಾತ್ರ ಸಿಗುತ್ತದೆ.

ಅಕ್ಟೋಬರ್ ಎರಡರ ಬೆಳಿಗ್ಗೆ ಶಾಲೆಯ ವರಾಂಡದಲ್ಲಿ ಮೇಜು ಹಾಕಿಕೊಂಡು ಕೂತೆವು. ದೇವಸ್ಥಾನದ ಮೈಕಿನಲ್ಲಿ ಕೂಗಿದರು, ಮಸೀದಿಯಲ್ಲಿ ಕೂಗಿದರು, ಗುರುದ್ವಾರದಲ್ಲಿ ಕೂಗಿದರು. ಶಾಲೆ ಮಕ್ಕಳು ಘೋಷಣೆ ಹಾಕುತ್ತಾ ಬೀದಿ ಸುತ್ತಿದರು. ಒಂಬತ್ತು ಗಂಟೆಯ ಹೊತ್ತಿಗೆ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಮೂಗಿಗೆ ಬಟ್ಟೆ ಕಟ್ಟಿಕೊಂಡ ಅಮ್ಮಂದಿರು, ಕಂಕುಳಲ್ಲಿ ಮಕ್ಕಳು. ನನಗೆ ಮೈ ಜುಮ್ಮೆಂದಿತು. ಆ ದಿನ ಮತ್ತು ಡಿಸೆಂಬರ್ 4ರಂದು ನಡೆದ ಎರಡನೇ ಸುತ್ತಿನಲ್ಲಿ ದೆಹಲಿಯ ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳಿಗೆ ಹನಿ ಬಿತ್ತು.

ಹನಿ ಹಾಕುವುದು ಸುಲಭ ಅಂತ ಕಾಣುತ್ತದೆ. ಆದರೆ ಕೈಗೆ ಅಭ್ಯಾಸ ಆಗಬೇಕು. ಮಗುವನ್ನು ಅಮ್ಮನ ತೊಡೆಯ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿಸಬೇಕು. ಎರಡೂ ಕೆನ್ನೆಯನ್ನು ಮೆಲ್ಲಗೆ ಅದುಮಿದರೆ ಬಾಯಿ ತಾನಾಗಿ ಬಿಡುತ್ತದೆ. ಸೀಸೆಯ ತುದಿ ತುಟಿಗೆ ತಾಗಬಾರದು, ನಾಲಗೆಯ ಮೇಲೆ ಎರಡೇ ಹನಿ ಬೀಳಬೇಕು. ಉಗಿದರೆ ಮತ್ತೆ ಹಾಕಬೇಕು. ಸೀಸೆಯನ್ನು ತಕ್ಷಣ ಐಸ್ ಮೇಲೆ ಇಡಬೇಕು, ಯಾಕೆಂದರೆ ಲಸಿಕೆಗಳಲ್ಲೆಲ್ಲ ಬಿಸಿಗೆ ಬೇಗ ಕೆಡುವುದು ಇದೇ. ಐಸ್ ನೀರಿಗೆ ಸೀಸೆಯ ಲೇಬಲ್ ಕಿತ್ತು ಬಂದು ಬೆರಳಿಗೆ ಅಂಟಿಕೊಳ್ಳುತ್ತಿತ್ತು. ಸಂಜೆ ಮನೆಗೆ ಬಂದಾಗ ಬೆರಳ ತುದಿಗಳು ಮರಗಟ್ಟಿರುತ್ತಿದ್ದವು.

ಮುಂದಿನ ವರ್ಷ ಡಿಸೆಂಬರ್ 9ಕ್ಕೆ ಇದು ಇಡೀ ದೇಶದ ಕಾರ್ಯಕ್ರಮವಾಯಿತು. ಕೇಂದ್ರದಲ್ಲಿ ಪಿ. ವಿ. ನರಸಿಂಹರಾವ್ ಅವರ ಕಾಂಗ್ರೆಸ್ ಸರ್ಕಾರ. ದೆಹಲಿಯಲ್ಲಿ ವಿರೋಧ ಪಕ್ಷದ ಮಂತ್ರಿ ಮಾಡಿ ತೋರಿಸಿದ ಕೆಲಸ ಅಂತ ಅವರು ಮುಖ ತಿರುಗಿಸಲಿಲ್ಲ. ಆಮೇಲೆ ಎಷ್ಟು ಸರ್ಕಾರ ಬಂದವು, ಹೋದವು, ಪೋಲಿಯೊ ಭಾನುವಾರ ನಿಲ್ಲಲಿಲ್ಲ. ಈ ದೇಶದಲ್ಲಿ ಇದು ಎಷ್ಟು ಅಪರೂಪ ಅಲ್ವಾ?

ಬೂತಿಗೆ ಬರುವವರು ಬಂದೇ ಬರುತ್ತಾರೆ. ಬಾರದವರ ಮನೆಯಲ್ಲೇ ವೈರಸ್ ಉಳಿದುಕೊಳ್ಳುತ್ತದೆ. ಅದು ಗೊತ್ತಾದ ಮೇಲೆ 1999ರ ಹೊತ್ತಿಗೆ ಮನೆಮನೆಗೆ ಹೋಗುವ ಕ್ರಮ ಶುರುವಾಯಿತು. ಭಾನುವಾರ ಬೂತು, ಸೋಮವಾರದಿಂದ ಗಲ್ಲಿ. ಅಷ್ಟರಲ್ಲಿ ಐದು ವರ್ಷದೊಳಗಿನ ಎಲ್ಲ ಮಕ್ಕಳೂ ಲೆಕ್ಕಕ್ಕೆ ಸೇರಿದ್ದರು. ನಾನು ಶಾಲೆ ಬಿಟ್ಟಿದ್ದೆ, ಮಕ್ಕಳು ದೊಡ್ಡವರಾಗಿದ್ದರು. ಹೋಗೋಣ ಅನ್ನಿಸಿತು, ಹೋದೆ. ಸೀಲಂಪುರ ಕಡೆಯ ಗಲ್ಲಿಗಳು ನಮ್ಮ ತಂಡಕ್ಕೆ ಬಂದವು. ನನ್ನ ಜೊತೆ ಅದೇ ಮೊಹಲ್ಲಾದ ಒಬ್ಬ ಹೆಣ್ಣುಮಗಳು. ಅವಳಿಲ್ಲದೆ ಹೋಗಿದ್ದರೆ ‘ಮದ್ರಾಸಿ ದೀದಿ’ಗೆ ಅರ್ಧ ಬಾಗಿಲೂ ತೆರೆಯುತ್ತಿರಲಿಲ್ಲ.

ಬೆಳಿಗ್ಗೆ ಡಿಸ್ಪೆನ್ಸರಿಯಲ್ಲಿ ನೀಲಿ ಡಬ್ಬಿ ತೆಗೆದುಕೊಳ್ಳುತ್ತಿದ್ದೆವು. ಒಳಗೆ ನಾಲ್ಕು ಗೋಡೆಗೂ ನಾಲ್ಕು ಐಸ್ ಪ್ಯಾಕ್, ಮಧ್ಯೆ ಪ್ಲಾಸ್ಟಿಕ್ ಚೀಲದಲ್ಲಿ ಸೀಸೆಗಳು. ಒಂದು ಸೀಸೆ ಇಪ್ಪತ್ತು ಮಕ್ಕಳಿಗೆ. ಅಷ್ಟು ಹೊತ್ತಿಗೆ ಸೀಸೆಯ ಮೇಲೆ ಒಂದು ಸಣ್ಣ ಗುರುತು ಬಂದಿತ್ತು, ವೃತ್ತದೊಳಗೆ ಒಂದು ಚೌಕ. ಚೌಕ ಬೆಳ್ಳಗಿದ್ದರೆ ಲಸಿಕೆ ಸರಿಯಾಗಿದೆ. ಬಿಸಿ ತಾಗಿದಷ್ಟೂ ಚೌಕ ಕಪ್ಪಾಗುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಬಂದರೆ ಆ ಸೀಸೆ ಎಸೆಯಬೇಕು. ಓದು ಬಾರದವರೂ ಒಂದು ನೋಟಕ್ಕೆ ಹೇಳಬಹುದು. ಇದನ್ನು ಕಂಡುಹಿಡಿದವರಿಗೆ ನಾನು ಮನಸ್ಸಿನಲ್ಲೇ ಎಷ್ಟು ಸಲ ಕೈಮುಗಿದಿದ್ದೇನೋ.

ಇನ್ನು ಬಾಗಿಲಲ್ಲಿ ನಿಂತು ಕೇಳುವುದು. ‘ಮನೇಲಿ ಮಕ್ಕಳಿದ್ದಾರಾ’ ಅಂದರೆ ಇಲ್ಲ ಅನ್ನುತ್ತಾರೆ, ಮುಗಿಯಿತು. ಹಾಗೆ ಕೇಳಬಾರದು ಅಂತ ನಮಗೆ ಹೇಳಿಕೊಟ್ಟಿದ್ದರು. ಮೊದಲು, ಈ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತವೆ? ಯಾಕೆಂದರೆ ಒಂದು ಬಾಗಿಲ ಹಿಂದೆ ನಾಲ್ಕು ಸಂಸಾರ ಇರುತ್ತವೆ. ಆಮೇಲೆ, ಮಲಗಿರುವ ಮಗು ಇದೆಯಾ? ಹುಷಾರಿಲ್ಲದ ಮಗು? ಹೊರಗೆ ಹೋದ ಮಗು? ನೆಂಟರ ಮಗು? ಕೊನೆಗೆ, ಈಗ ಹುಟ್ಟಿದ ಕೂಸು? ಒಂದೊಂದೇ ಕೇಳುತ್ತಾ ಹೋದರೆ ಒಳಗಿನಿಂದ ಒಂದೊಂದೇ ಮಗು ಬರುತ್ತಿತ್ತು.

ಒಂದು ಮನೆ ಇವತ್ತಿಗೂ ಕಣ್ಣ ಮುಂದಿದೆ. ಕೆಳಗೆ ಜೀನ್ಸ್ ಹೊಲಿಯುವ ಕಾರ್ಖಾನೆ, ಮೇಲಕ್ಕೆ ಕಡಿದಾದ ಮೆಟ್ಟಿಲು, ಮೇಲೆ ಒಂದೇ ಕೋಣೆ. ಅತ್ತೆ ನಾಲ್ಕು ಮಕ್ಕಳನ್ನು ತೋರಿಸಿದರು. ನಾಲ್ಕಕ್ಕೂ ಹಾಕಿ, ಎಡಗೈ ಕಿರುಬೆರಳಿಗೆ ಮಾರ್ಕರ್ ಹಚ್ಚಿ, ಶೀಟಿನಲ್ಲಿ ಗೆರೆ ಎಳೆದೆವು. ಎಲ್ಲ ಪ್ರಶ್ನೆಯೂ ಆಯಿತು. ಇಲ್ಲ, ಇಲ್ಲ, ಇಲ್ಲ. ಹೊರಡುವಾಗ ನನ್ನ ಕಣ್ಣು ಹಗ್ಗದ ಮೇಲೆ ಹೋಯಿತು. ಅಂಗೈಯಗಲದ ಬಿಳಿ ಬಟ್ಟೆಗಳು, ಸಾಲಾಗಿ ಒಣಗುತ್ತಿದ್ದವು. ನನ್ನ ಜೊತೆಗಾತಿಗೆ ತೋರಿಸಿದೆ. ಅವಳು ಅತ್ತೆಯ ಪಕ್ಕ ಕೂತು, ಹೆರಿಗೆ ಯಾವಾಗ ಆಯಿತು, ಸುಖವಾಗಿ ಆಯಿತಾ ಅಂತ ಮಾತಿಗೆಳೆದಳು. ಪರದೆಯ ಹಿಂದೆ ಬಾಣಂತಿ ಇದ್ದಳು. ಚಿಲ್ಲಾ ಮುಗಿದಿಲ್ಲ, ನಲವತ್ತು ದಿನ ಆಗುವ ತನಕ ಕೂಸನ್ನು ಹೊರಗಿನವರಿಗೆ ತೋರಿಸುವುದಿಲ್ಲ ಅಂದರು. ನಮ್ಮ ಕಡೆಯೂ ಬಾಣಂತಿ ಕೋಣೆಗೆ ಯಾರನ್ನೂ ಬಿಡುವುದಿಲ್ಲವಲ್ಲ. ನಾನು ಒಳಗೆ ಬರುವುದಿಲ್ಲ, ಇವಳೊಬ್ಬಳೇ ಬರುತ್ತಾಳೆ, ಕೈ ತೊಳೆದುಕೊಂಡು ಬರುತ್ತಾಳೆ ಅಂದೆ. ಅತ್ತೆ ಬಹಳ ಹೊತ್ತು ನನ್ನ ಮುಖ ನೋಡಿ, ಆಮೇಲೆ ಪರದೆ ಸರಿಸಿದರು. ನಾನು ಮೆಟ್ಟಿಲ ಮೇಲೆ ಡಬ್ಬಿ ಹಿಡಿದು ನಿಂತೆ. ಒಳಗೆ ಕೂಸು ಒಂದು ಸಲ ಕಿರುಗುಟ್ಟಿತು. ಬಾಗಿಲಿಗೆ ‘ಪಿ’ ಅಂತ ಸೀಮೆಸುಣ್ಣದಲ್ಲಿ ಬರೆದು, ತಾರೀಕು ಹಾಕಿ, ಮುಂದಿನ ಮನೆಗೆ ಬಾಣದ ಗುರುತು ಎಳೆದೆವು. ಒಂದು ಮಗು ಬಿಟ್ಟಿದ್ದರೂ ‘ಪಿ’ ಬರೆಯುವ ಹಾಗಿಲ್ಲ, ‘ಎಕ್ಸ್’ ಬರೆಯಬೇಕು. ಎಕ್ಸ್ ಇದ್ದ ಮನೆಗೆ ಮತ್ತೆ ಮತ್ತೆ ಹೋಗಬೇಕು.

ಹಾಕಿಸುವುದೇ ಇಲ್ಲ ಅನ್ನುವ ಮನೆಗಳೂ ಇದ್ದವು. ಇದು ಮುಂದೆ ಮಕ್ಕಳಾಗದ ಹಾಗೆ ಮಾಡುವ ಔಷಧಿ ಅನ್ನುವ ಪುಕಾರು. ಅದಕ್ಕೆ ಉತ್ತರ ಹೇಳುವುದು ಕಷ್ಟವಿರಲಿಲ್ಲ. ನನ್ನ ಮಕ್ಕಳಿಗೂ ಇದೇ ಹಾಕಿಸಿದ್ದೇನೆ ಅಂದರೆ ಎಷ್ಟೋ ಜನ ಕೇಳುತ್ತಿದ್ದರು. ಮಸೀದಿಯ ಇಮಾಮರು ನಮ್ಮ ಜೊತೆ ಬಂದು ತಮ್ಮ ಕೈಯಾರೆ ಹನಿ ಹಾಕಿದ ಮೇಲೆ ಬಾಗಿಲು ತೆರೆದವರು ಇನ್ನೂ ಹೆಚ್ಚು. ಉತ್ತರ ಸಿಗದೆ ನಾನು ನಿಂತದ್ದು ಒಬ್ಬ ಅಪ್ಪನ ಮುಂದೆ. ‘ನಮ್ಮ ಗಲ್ಲಿಗೆ ಚರಂಡಿ ಇಲ್ಲ. ನಲ್ಲಿ ನೀರು ನಾರುತ್ತೆ. ಜ್ವರ ಬಂದ್ರೆ ಔಷಧಿ ಕೊಡೋರು ಇಲ್ಲ. ಈ ಎರಡು ಹನಿ ಹಾಕೋಕೆ ಮಾತ್ರ ತಿಂಗಳು ತಿಂಗಳು ಬರ್ತೀರಲ್ಲ ಯಾಕೆ?’ ಅಂತ ಕೇಳಿದರು. ಅವರ ಪ್ರಶ್ನೆಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಚರಂಡಿ ನೀರಿನಲ್ಲೇ ಆ ವೈರಸ್ ಓಡಾಡುವುದು. ಚರಂಡಿ ಆಗುವ ತನಕ ಈ ಹನಿಯಾದರೂ ಇರಲಿ ಅಣ್ಣಾ ಅಂದೆ. ಅವರು ಮಗುವನ್ನು ಮುಂದೆ ಬಿಟ್ಟರು, ನನ್ನ ಮೇಲಿನ ಕೋಪ ಬಿಡಲಿಲ್ಲ.

2002ರಲ್ಲಿ ದೇಶದಲ್ಲಿ 1600 ಮಕ್ಕಳಿಗೆ ಪೋಲಿಯೊ ಬಂತು. ಬಹುಪಾಲು ಪಕ್ಕದ ಉತ್ತರ ಪ್ರದೇಶದಲ್ಲಿ. ಇಷ್ಟು ಹಾಕಿದರೂ ಹೋಗುತ್ತಿಲ್ಲವಲ್ಲ ಅಂತ ತಂಡದಲ್ಲಿ ಎಷ್ಟೋ ಜನ ಕೈಚೆಲ್ಲಿದರು. 2009ರಲ್ಲೂ 741. ಮರುವರ್ಷ ಎರಡು ಬಗೆಯ ವೈರಸ್‌ಗೆ ಒಟ್ಟಿಗೆ ಕೆಲಸ ಮಾಡುವ ಹೊಸ ಲಸಿಕೆ ಬಂತು. ಇಟ್ಟಿಗೆ ಭಟ್ಟಿ, ರೈಲ್ವೆ ಸ್ಟೇಷನ್, ಕಟ್ಟಡ ಕಟ್ಟುವ ಜಾಗ, ಎಲ್ಲ ಕಡೆ ಬೇರೆ ತಂಡಗಳು ನಿಂತವು. 2010ರಲ್ಲಿ 42ಕ್ಕೆ ಇಳಿಯಿತು. 2011ರಲ್ಲಿ ಒಂದೇ ಒಂದು. ಆ ವರ್ಷದ ಜನವರಿ 13ರಂದು ಹೌರಾ ಜಿಲ್ಲೆಯ ಒಂದು ಮಗುವಿನಲ್ಲಿ ಕಂಡದ್ದೇ ಕೊನೆ. 2014ರ ಮಾರ್ಚ್ 27ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಈ ಭಾಗದ 11 ದೇಶಗಳು ಪೋಲಿಯೊ ಮುಕ್ತ ಅಂತ ಘೋಷಿಸಿತು. ಆ ರಾತ್ರಿ ನಮ್ಮ ತಂಡದವರೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡಿ ಅತ್ತೆವು.

ಅದೇ ವರ್ಷ ಮೇ ತಿಂಗಳಲ್ಲಿ ಹರ್ಷವರ್ಧನ್ ಚಾಂದನಿ ಚೌಕ್‌ನಿಂದ ಗೆದ್ದು ದೇಶದ ಆರೋಗ್ಯ ಮಂತ್ರಿಯಾದರು. ಅದಕ್ಕೆ ಮೊದಲು ಕೃಷ್ಣಾನಗರದಿಂದ ಸಾಲಾಗಿ ಐದು ಸಲ ಶಾಸಕರು. 2013ರಲ್ಲಿ ಅವರನ್ನೇ ಮುಖ್ಯಮಂತ್ರಿ ಅಭ್ಯರ್ಥಿ ಮಾಡಿದ್ದ ಪಕ್ಷಕ್ಕೆ 70ರಲ್ಲಿ 31 ಸೀಟು ಬಂತು. ಬಹುಮತ ಇಲ್ಲ ಅಂತ ಅವರು ಸರ್ಕಾರ ಮಾಡಲಿಲ್ಲ. ಆ ಸಂಯಮ ನನಗೆ ಹಿಡಿಸಿತ್ತು. ಕೇಂದ್ರಕ್ಕೆ ಬಂದ ಮೇಲೂ ಹಳೇ ಡಾಕ್ಟರ್ ಅಲ್ಲಲ್ಲಿ ಕಾಣುತ್ತಿದ್ದರು. ದೆಹಲಿ ಮಂತ್ರಿಯಾಗಿದ್ದಾಗ ಸಾರ್ವಜನಿಕ ಜಾಗದಲ್ಲಿ ಬೀಡಿ ಸಿಗರೇಟು ಸೇದಬಾರದು ಅಂತ 1996ರ ಕಾಯ್ದೆ ತಂದವರು, ಕೇಂದ್ರದಲ್ಲಿ ಸಿಗರೇಟು ಪ್ಯಾಕಿನ ಶೇ 85 ಭಾಗ ಎಚ್ಚರಿಕೆಯ ಚಿತ್ರ ಇರಬೇಕು ಅಂತ ಆದೇಶ ಹೊರಡಿಸಿದರು. ಅಕ್ಟೋಬರ್‌ನಲ್ಲಿ ಆದೇಶ, ನವೆಂಬರ್‌ನಲ್ಲಿ ಖಾತೆಯೇ ಬದಲು. ವಿಜ್ಞಾನ ಮತ್ತು ತಂತ್ರಜ್ಞಾನಕ್ಕೆ ಕಳಿಸಿದರು.

2019ರಲ್ಲಿ ಮತ್ತೆ ಆರೋಗ್ಯ ಖಾತೆ. ಮರುವರ್ಷ ಕೊರೋನಾ. ವಿಶ್ವ ಆರೋಗ್ಯ ಸಂಸ್ಥೆಯ ಕಾರ್ಯಕಾರಿ ಮಂಡಳಿಗೂ ಅವರೇ ಅಧ್ಯಕ್ಷರಾದರು. ಹೊರಗಿನಿಂದ ನೋಡಿದರೆ ಅದಕ್ಕಿಂತ ದೊಡ್ಡ ಜಾಗ ಇಲ್ಲ. ಆದರೆ ನನಗೆ ಬೇಜಾರಾದದ್ದು ಆಗಲೇ. 2021ರ ಮಾರ್ಚ್‌ನಲ್ಲಿ, ದೇಶದಲ್ಲಿ ಕೊರೋನಾ ಆಟ ಕೊನೆಯ ಹಂತಕ್ಕೆ ಬಂದಿದೆ ಅಂದರು. ಏಪ್ರಿಲ್‌ನಲ್ಲಿ ಎರಡನೇ ಅಲೆ ದೆಹಲಿಯನ್ನು ನುಂಗಿತು. ನಮ್ಮ ಪೋಲಿಯೊ ತಂಡದ ಇಬ್ಬರು ಹೋದರು. ಪೋಲಿಯೊದಲ್ಲಿ ಕೊನೆಯ ಮಗುವಿನ ನಂತರವೂ ಮೂರು ವರ್ಷ ಕಾದು, ಚರಂಡಿ ನೀರನ್ನು ಪರೀಕ್ಷೆ ಮಾಡಿ ಮಾಡಿ, ಆಮೇಲೆ ಮುಗಿಯಿತು ಅಂದವರು ನಾವು. ಎಕ್ಸ್ ಇರುವ ತನಕ ಪಿ ಬರೆಯಬಾರದು ಅನ್ನುವುದನ್ನು ಕಲಿಸಿದ ಕಾರ್ಯಕ್ರಮ ಅವರದೇ. ಡಾಕ್ಟರಾದವರು ಆ ಮಾತು ಆಡಬಾರದಿತ್ತು. ಜುಲೈ 7ರಂದು ಅವರು ಮಂತ್ರಿ ಮಂಡಲದಿಂದ ಹೊರಗೆ ಬಂದರು.

ಇಷ್ಟು ವರ್ಷ ನೋಡಿ ನನಗೆ ಅನ್ನಿಸಿದ್ದು ಹೀಗೆ. ಅವರ ದೊಡ್ಡ ಕೆಲಸ ಆದದ್ದು ಸಣ್ಣ ಖಾತೆಯಲ್ಲಿ. ಅಲ್ಲಿ ಕೆಲಸಕ್ಕೂ ಅವರಿಗೂ ನಡುವೆ ದೂರ ಇರಲಿಲ್ಲ. ಬೂತು ಅವರದೇ ಬೀದಿಯಲ್ಲಿತ್ತು. ನಮ್ಮಂಥವರ ಕೈಗೆ ಸೀಸೆ ಕೊಟ್ಟು ನಂಬಿದರು. ಮೇಲೆ ಹೋದಷ್ಟೂ ಪಕ್ಷದ ಮಾತು, ಸರ್ಕಾರದ ಮಾತು ಜಾಸ್ತಿಯಾಯಿತು, ಡಾಕ್ಟರ ಮಾತು ಕಡಿಮೆಯಾಯಿತು. ಇದಕ್ಕೆ ಅವರೊಬ್ಬರನ್ನೇ ದೂರುವುದು ಸರಿಯಲ್ಲ. ಆದರೂ ಹೇಳದೆ ಬಿಡುವುದೂ ಸರಿಯಲ್ಲ.

2024ರ ಮಾರ್ಚ್ ಮೊದಲ ವಾರ ಚಾಂದನಿ ಚೌಕ್ ಟಿಕೆಟ್ ಬೇರೆಯವರಿಗೆ ಹೋಯಿತು. ಮರುದಿನವೇ ಅವರು ರಾಜಕೀಯ ಬಿಡುತ್ತಿದ್ದೇನೆ, ಕೃಷ್ಣಾನಗರದ ನನ್ನ ಕ್ಲಿನಿಕ್ ಕಾಯುತ್ತಿದೆ ಅಂತ ಬರೆದರು. ವಾಪಸ್ ಹೋಗಲು ಒಂದು ಕಸುಬು ಇದ್ದವರ ಪುಣ್ಯ ಅದು.

ಅದೇ ತಿಂಗಳು ರಾಮನಗರದಿಂದ ನನ್ನ ತಂಗಿ ಫೋನ್ ಮಾಡಿದಳು. ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿ ಜನವರಿಯಲ್ಲಷ್ಟೇ ನಿವೃತ್ತರಾದ ಡಾ. ಸಿ. ಎನ್. ಮಂಜುನಾಥ್ ಬೆಂಗಳೂರು ಗ್ರಾಮಾಂತರಕ್ಕೆ ನಿಂತಿದ್ದರು. ‘ಇಷ್ಟು ಒಳ್ಳೇ ಡಾಕ್ಟ್ರು. ಇವರಿಗ್ಯಾಕೆ ಬೇಕಿತ್ತಕ್ಕಾ ಈ ರಾಜಕೀಯ?’ ಅಂದಳು. ಹಾಗೆನ್ನಬೇಡ ಕಣೇ ಅಂದೆ. ಜಯದೇವದ ಬಾಗಿಲು ಮುಟ್ಟಿದವರನ್ನು ಅವರು ಡಾಕ್ಟರಾಗಿಯೇ ಉಳಿಸಿದರು, ದುಡ್ಡಿಲ್ಲ ಅಂತ ವಾಪಸ್ ಕಳಿಸಲಿಲ್ಲ. ಎದೆ ನೋವು ಬಂದು ಅಲ್ಲಿಗೆ ಮುಟ್ಟುವ ಮೊದಲೇ ಹೋಗುವವರನ್ನು ಉಳಿಸುವುದು ಆಸ್ಪತ್ರೆಯ ಒಳಗೆ ಕೂತು ಆಗುವುದಿಲ್ಲ. ಅದಕ್ಕೆ ಕಾನೂನು, ದುಡ್ಡು, ಜನ ಎಲ್ಲ ಬೇಕು. 1994ರ ಕಥೆಯನ್ನೂ ಹೇಳಿದೆ, 2021ರ ಕಥೆಯನ್ನೂ ಹೇಳಿದೆ. ಅವಳು ಎರಡನ್ನೂ ಸುಮ್ಮನೆ ಕೇಳಿಸಿಕೊಂಡಳು. ಯಾರಿಗೆ ವೋಟು ಹಾಕಿದಳೋ ನಾನು ಕೇಳಲಿಲ್ಲ. ಮಂಜುನಾಥ್ ಅವರು ಡಿ. ಕೆ. ಸುರೇಶ್ ಅವರನ್ನು 2,69,647 ಮತಗಳಿಂದ ಸೋಲಿಸಿ ಲೋಕಸಭೆಗೆ ಹೋದರು.

ಈಗ ಅವರು ಸಂಸತ್ತಿನಲ್ಲಿ ಮಾತಾಡಿದ ವಿಡಿಯೊ ಸಿಕ್ಕಾಗೆಲ್ಲ ತಂಗಿ ನನಗೆ ಕಳಿಸುತ್ತಾಳೆ. ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಹತ್ತಿರದ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಎರಡು ಗಂಟೆಗೆ ಹೋದರೆ ಇಸಿಜಿ ತೆಗೆಯುವವರು ಇರ್ತಾರಾ? ತೆಗೆದ ಇಸಿಜಿ ನೋಡಿ ಅಲ್ಲೇ ಇಂಜೆಕ್ಷನ್ ಕೊಡುವವರು? ಹೋಗಿ ನೋಡಿ, ವಿಚಾರಿಸಿ ಹೇಳ್ತೀನಿ ಅಂದಿದ್ದಾಳೆ.